ಅರ್ಧಕ್ಕೆ ನಿಂತ ಕಥೆಯನ್ನು ಮುಗಿಸುವುದು ಹೇಗೆ

ನನ್ನ ಲ್ಯಾಪ್‌ಟಾಪಿನಲ್ಲಿ ‘ಕಥೆ ಹೊಸತು’, ‘ಕಥೆ ಹೊಸತು 2’, ‘ಕಥೆ ಫೈನಲ್’ ಅಂತ ಹನ್ನೊಂದು ಫೈಲುಗಳಿದ್ದವು. ಒಂದೂ ಫೈನಲ್ ಆಗಿರಲಿಲ್ಲ. ಎಲ್ಲವೂ ಮೂರನೇ ಪುಟದ ಆಸುಪಾಸಿನಲ್ಲಿ ನಿಂತಿದ್ದವು. ಮಂಗಳೂರಿನಲ್ಲಿ ಬರೆಯುವ ನಾವು ನಾಲ್ಕೈದು ಮಂದಿ ಹಂಪನಕಟ್ಟೆಯಲ್ಲಿ ಚಹಾಕ್ಕೆ ಸೇರುವುದುಂಟು. ಮಾತು ಶುರುವಾಗುವುದು ‘ಯಾವ ಪುಸ್ತಕ ಓದಿದಿರಿ’ ಅಂತ. ಮುಗಿಯುವುದು ‘ಬರೆದದ್ದು ಮುಂದೆ ಹೋಗುವುದೇ ಇಲ್ಲ ಮಾರಾಯ್ರೆ’ ಅಂತ.

ಹನ್ನೊಂದರಲ್ಲಿ ಒಂದನ್ನು ಕಳೆದ ಮಳೆಗಾಲದಲ್ಲಿ ಮುಗಿಸಿದೆ. ಹೇಗೆ ಅಂತ ಗೆಳೆಯರು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಸಮಯ ಸಿಗುವುದಿಲ್ಲ, ಮೂಡ್ ಬರುವುದಿಲ್ಲ ಎನ್ನುವುದೆಲ್ಲ ಸುಳ್ಳಲ್ಲ. ಆದರೆ ಆ ಫೈಲುಗಳನ್ನು ಒಂದೊಂದಾಗಿ ತೆರೆದಾಗ ನನಗೆ ಕಂಡದ್ದು ಬೇರೆ. ಕಥೆ ನಿಂತ ಜಾಗದಲ್ಲೆಲ್ಲ ನನಗೆ ಗೊತ್ತಿಲ್ಲದ ಯಾವುದೋ ಒಂದು ಸಣ್ಣ ಸಂಗತಿ ಇತ್ತು. ಸ್ಫೂರ್ತಿಯ ಕೊರತೆ ಅಂದುಕೊಂಡದ್ದು ಮಾಹಿತಿಯ ಕೊರತೆಯಾಗಿತ್ತು. ಇಡೀ ಲೇಖನ ಇದರ ಮೇಲೆಯೇ ನಿಂತಿದೆ. ಒಪ್ಪಿಗೆಯಾಗದಿದ್ದರೆ ಐದನೇ ಹೆಜ್ಜೆಯನ್ನಾದರೂ ಓದಿ, ಅದು ನಮ್ಮ ಕರಾವಳಿಯವರದೇ ತಾಪತ್ರಯ.

ಹೆಜ್ಜೆ 1: ನಿಂತ ಜಾಗ ಹುಡುಕಿ

ಕಥೆಯನ್ನು ಪ್ರಿಂಟ್ ಹಾಕಿಸಿ. ಪರದೆಯ ಮೇಲೆ ಓದಬೇಡಿ. ಪರದೆಯ ಮೇಲೆ ನಾವು ಓದುವುದಿಲ್ಲ, ಸುಮ್ನೆ ಒಂದೆರಡು ಪದ ಬದಲಾಯಿಸಿ ಕೆಲಸ ಮಾಡಿದ ಹಾಗೆ ನಟಿಸುತ್ತೇವೆ. ಪುಟ ಕೈಯಲ್ಲಿ ಹಿಡಿದು, ಪೆನ್ನು ಪಕ್ಕಕ್ಕಿಟ್ಟು, ಒಂದೇ ಬಾರಿಗೆ ಓದಿ.

ಕಥೆ ನಿಂತದ್ದು ಕೊನೆಯ ಸಾಲಿನಲ್ಲಿ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಅದಕ್ಕಿಂತ ಎರಡು ಪ್ಯಾರಾ ಮೊದಲೇ ನಿಂತಿರುತ್ತದೆ. ಅಲ್ಲಿಂದ ಮುಂದೆ ನಾವು ತೇಲಿಸುತ್ತಾ ಹೋಗಿರುತ್ತೇವೆ. ಗುರುತು ಹಿಡಿಯುವುದು ಸುಲಭ: ಅಲ್ಲಿ ಮಳೆ ಬರುತ್ತದೆ. ನಿಜವಾಗಿ ಹೇಳುತ್ತೇನೆ, ನನ್ನ ಹನ್ನೊಂದು ಕಥೆಗಳಲ್ಲಿ ಏಳರ ಕೊನೆಯ ಪುಟದಲ್ಲಿ ಮಳೆ ಸುರಿಯುತ್ತಿತ್ತು. ಎರಡರಲ್ಲಿ ಕಡಲು ಮೊರೆಯುತ್ತಿತ್ತು. ಮುಂದೇನು ಅಂತ ಗೊತ್ತಾಗದಾಗ ಕರಾವಳಿಯ ಕಥೆಗಾರನಿಗೆ ಮಳೆಯಷ್ಟು ಉಪಕಾರ ಮಾಡುವವರು ಬೇರೆ ಯಾರಿಲ್ಲ.

ನಾನು ಮುಗಿಸಿದ ಕಥೆಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಗಿರಿಜಾ ಅಂತ ಒಬ್ಬಳು. ಬಂಟ್ವಾಳದ ಕಡೆಯವಳು, ಮನೆಯಲ್ಲಿ ಬೀಡಿ ಕಟ್ಟುತ್ತಾಳೆ. ಶನಿವಾರ ಬೀಡಿ ಬ್ರಾಂಚಿಗೆ, ಅಂದರೆ ಎಲೆ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಜಾಗಕ್ಕೆ, ಹೋಗುತ್ತಾಳೆ. ಅಲ್ಲಿಯವನು ಅವಳ ಬೀಡಿಗಳಲ್ಲಿ ಒಂದಷ್ಟನ್ನು ಸರಿಯಿಲ್ಲ ಅಂತ ಬದಿಗೆ ತಳ್ಳುತ್ತಾನೆ. ಅವಳು ಬೇಸರದಿಂದ ಮನೆಗೆ ಬರುತ್ತಾಳೆ. ದಾರಿಯಲ್ಲಿ ಮಳೆ. ಅಷ್ಟೇ. ಎರಡು ವರ್ಷ ಆ ಹೆಂಗಸು ಕೊಡೆ ಹಿಡಿದು ಅಲ್ಲೇ ನಿಂತಿದ್ದಳು.

ಮಳೆ ಶುರುವಾದ ಸಾಲಿನ ಮೇಲೆ ಒಂದು ಗೆರೆ ಎಳೆಯಿರಿ. ಅದರ ಕೆಳಗಿನದ್ದನ್ನು ಮರೆತುಬಿಡಿ.

ಹೆಜ್ಜೆ 2: ಗೊತ್ತಿಲ್ಲದ್ದನ್ನು ಪ್ರಶ್ನೆ ಮಾಡಿ ಬರೆಯಿರಿ

ಗೆರೆಯ ಪಕ್ಕದಲ್ಲಿ ಪ್ರಶ್ನೆಗಳನ್ನು ಬರೆಯಿರಿ. ‘ಗಿರಿಜಾಳ ಬದುಕಿಗೆ ಅರ್ಥವೇನು’ ಎಂಬಂಥವು ಬೇಡ. ಊರಿನಲ್ಲಿ ಯಾರಾದರೂ ಒಂದು ವಾಕ್ಯದಲ್ಲಿ ಉತ್ತರ ಹೇಳಬಹುದಾದ ಪ್ರಶ್ನೆಗಳೇ ಬೇಕು. ನನ್ನವು ಹೀಗಿದ್ದವು. ಬ್ರಾಂಚಿನಲ್ಲಿ ಬೀಡಿ ನೋಡುವವನು ಕೂತಿರುತ್ತಾನಾ, ನಿಂತಿರುತ್ತಾನಾ? ಸರಿಯಿಲ್ಲದ ಬೀಡಿಗೆ ಲೆಕ್ಕ ಹೇಗೆ ಕಡಿಯುತ್ತಾರೆ? ಎಲೆ ಕಡಿಮೆ ಬಿದ್ದರೆ ಏನು ಮಾಡುತ್ತಾರೆ?

ನನ್ನ ದೊಡ್ಡಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವರು. ನಾನು ಬೀಡಿಯ ಬಗ್ಗೆ ಕಥೆ ಬರೆಯಲು ಹೊರಟದ್ದೇ ಅವರನ್ನು ನೋಡಿ. ಆದರೂ ಅವರ ಹತ್ತಿರ ಒಂದು ಮಾತು ಕೇಳಿರಲಿಲ್ಲ! ಚಿಕ್ಕಂದಿನಿಂದ ನೋಡಿದ್ದೇನಲ್ಲ, ಇನ್ನೇನು ಕೇಳುವುದು ಎಂಬ ಧಿಮಾಕು.

ಕೇಳುವ ರೀತಿಯೂ ಮುಖ್ಯ. ‘ನಿಮ್ಮ ಕಷ್ಟದ ದಿನಗಳ ಬಗ್ಗೆ ಹೇಳಿ’ ಅಂದರೆ ಯಾರಾದರೂ ಒಂದು ಭಾಷಣ ಒಪ್ಪಿಸುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿ ಕೆಟ್ಟೆ. ದೊಡ್ಡಮ್ಮ ಟಿ.ವಿ.ಯವರ ಮುಂದೆ ಕೂತ ಹಾಗೆ ಸೆರಗು ಸರಿಮಾಡಿಕೊಂಡು ‘ಆಗ ತುಂಬಾ ಕಷ್ಟ ಇತ್ತು’ ಅಂದು ಸುಮ್ಮನಾದರು. ಎರಡನೇ ಸಲ ಅವರು ತರಕಾರಿ ಹೆಚ್ಚುವಾಗ ಹೋಗಿ ಪಕ್ಕದಲ್ಲಿ ಕೂತೆ. ಎಲೆಯನ್ನು ಎಷ್ಟು ಹೊತ್ತು ನೀರಿನಲ್ಲಿ ನೆನೆಸುವುದು ಅಂತ ಮಾತ್ರ ಕೇಳಿದೆ. ಕೈ ತಾನಾಗಿ ಚಲಿಸತೊಡಗಿತು. ತಡ್ಪೆ, ಅಂದರೆ ಮೊರ, ಮಡಿಲಲ್ಲಿ ಹೇಗೆ ಇಟ್ಟುಕೊಳ್ಳುವುದು, ಎಲೆಯ ನರ ಕತ್ತರಿಗೆ ಸಿಗದ ಹಾಗೆ ಹೇಗೆ ಕತ್ತರಿಸುವುದು, ಹೊಗೆಸೊಪ್ಪು ಎಷ್ಟು ಉದುರಿಸುವುದು, ನೂಲು ಎಷ್ಟು ಸುತ್ತು ಎಲ್ಲ ಬಂತು. ಅದರ ಮಧ್ಯೆ ಏನೂ ದೊಡ್ಡ ವಿಷಯವಲ್ಲ ಎಂಬಂತೆ ಇನ್ನೊಂದು ಬಂತು. ಬ್ರಾಂಚಿನಲ್ಲಿ ಎಲೆ ತೂಕ ಮಾಡಿ ಕೊಡುತ್ತಾರೆ. ಅದರಲ್ಲಿ ಹರಿದದ್ದು, ತೂತಾದದ್ದು ಇರುತ್ತದೆ. ಹೇಳಿದಷ್ಟು ಬೀಡಿಗೆ ಎಲೆ ಸಾಲುವುದಿಲ್ಲ. ಆಗ ಕೈಯಿಂದ ದುಡ್ಡು ಹಾಕಿ ಹೊರಗೆ ಅಂಗಡಿಯಿಂದ ಎಲೆ ತಂದು ಲೆಕ್ಕ ಸರಿಮಾಡುವುದು.

‘ದೊಡ್ಡಪ್ಪನಿಗೆ ಗೊತ್ತಿತ್ತಾ?’ ಅಂದೆ. ದೊಡ್ಡಮ್ಮ ನಕ್ಕರು. ಉತ್ತರ ಹೇಳಲಿಲ್ಲ.

ನನ್ನ ಕಥೆ ಅಲ್ಲಿ ಹೊರಟಿತು. ಗಿರಿಜಾ ಬೇಸರದಿಂದ ಮನೆಗೆ ಹೋಗಬೇಕಾಗಿರಲಿಲ್ಲ. ಅವಳು ಎಲೆ ತರಲು ಅಂಗಡಿಗೆ ಹೋಗಬೇಕಾಗಿತ್ತು.

ಫೋನಿನಲ್ಲಿ ರೆಕಾರ್ಡ್ ಮಾಡುವುದಾದರೆ ಹೇಳಿ ಮಾಡಿ. ನಾನು ಮಾಡುವುದಿಲ್ಲ. ಫೋನು ಕಂಡರೆ ಜನ ಗ್ರಂಥಭಾಷೆಗೆ ಹೊರಳುತ್ತಾರೆ. ಮನೆಗೆ ಬಂದು ಅರ್ಧ ಗಂಟೆಯೊಳಗೆ ನೆನಪಿನಿಂದ ಬರೆದುಕೊಳ್ಳುವುದು ಸಾಕು. ಮರೆತದ್ದು ಕಥೆಗೆ ಬೇಡವಾದದ್ದು.

ಹೆಜ್ಜೆ 3: ಅವಳಿಗೆ ಏನು ಬೇಕು?

ಒಂದು ವಾಕ್ಯ ಪೂರ್ತಿ ಮಾಡಿ: ‘ಇವಳಿಗೆ ---- ಬೇಕು.’ ಖಾಲಿ ಜಾಗದಲ್ಲಿ ನೆಮ್ಮದಿ, ಪ್ರೀತಿ, ಗೌರವ ಬರೆದರೆ ಅದು ಲೆಕ್ಕಕ್ಕಿಲ್ಲ. ಕೈಯಲ್ಲಿ ಹಿಡಿಯಲು ಬರುವ ವಸ್ತು ಬೇಕು, ಜೊತೆಗೆ ಗಡುವು ಬೇಕು.

ಕೋಟದ ಶಿವರಾಮ ಕಾರಂತರು 1933ರಲ್ಲಿ ತಂದ ‘ಚೋಮನ ದುಡಿ’ಯನ್ನು ಇದಕ್ಕಾಗಿಯೇ ಮತ್ತೆ ತೆರೆಯಿರಿ. ಚೋಮನಿಗೆ ಬೇಕಾದದ್ದು ಒಂದು ತುಂಡು ಭೂಮಿ, ತಾನೇ ಉಳಲು. ಎತ್ತುಗಳಿವೆ. ಭೂಮಿ ಇಲ್ಲ. ಅವನ ಜಾತಿಯವನಿಗೆ ಅದನ್ನು ಕೊಡುವವರಿಲ್ಲ. ಜಾತಿಯ ಬಗ್ಗೆ ಲೇಖಕರು ಒಂದು ಉಪನ್ಯಾಸ ಕೊಡಬೇಕಾಗಿಲ್ಲ. ಎತ್ತು ಹಟ್ಟಿಯಲ್ಲಿ ನಿಂತಿರುವುದೇ ಸಾಕು. ಶಾಲೆಯಲ್ಲಿ ಪರೀಕ್ಷೆಗಾಗಿ ಓದಿದವರು ಈಗ ಬರೆಯುವವರ ಕಣ್ಣಲ್ಲಿ ಓದಿದರೆ ಬೇರೆಯದೇ ಪುಸ್ತಕ ಸಿಗುತ್ತದೆ.

ನನ್ನ ವಾಕ್ಯ ಹೀಗಾಯಿತು: ಗಿರಿಜಾಳಿಗೆ ಶನಿವಾರದೊಳಗೆ ಅರ್ಧ ಕಿಲೋ ಎಲೆ ಬೇಕು, ಅದಕ್ಕೆ ಕೊಟ್ಟ ದುಡ್ಡು ಮನೆಯಲ್ಲಿ ಯಾರಿಗೂ ಗೊತ್ತಾಗಬಾರದು.

ಹೆಜ್ಜೆ 4: ಓದಿ, ಆದರೆ ಕಳ್ಳನ ಹಾಗೆ

‘ಬರೆಯುವವರು ಏನು ಓದಬೇಕು?’ ಎಂಬ ಪ್ರಶ್ನೆಗೆ ನಮ್ಮ ಚಹಾದ ಮೇಜಿನಲ್ಲಿ ಪ್ರತಿಸಲ ಜಗಳ. ಒಬ್ಬರು ರಷ್ಯಾದಿಂದ ಶುರುಮಾಡುತ್ತಾರೆ, ಇನ್ನೊಬ್ಬರು ಪಂಪನಿಂದ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂತು. ಕಥಾಸಂಕಲನವೊಂದಕ್ಕೆ ಆ ಬಹುಮಾನ ಸಿಕ್ಕಿದ್ದು ಅದೇ ಮೊದಲು. ಆಮೇಲೆ ಕಥೆಯ ಮುಖವನ್ನೇ ನೋಡದವರೂ ಯಾವ ಪುಸ್ತಕ ಕೊಳ್ಳಲಿ ಅಂತ ಕೇಳತೊಡಗಿದರು. ಒಳ್ಳೆಯದೇ.

ನನ್ನ ಸಲಹೆ ಬೇರೆ. ಕಥೆ ನಿಂತಿರುವಾಗ ಪಟ್ಟಿ ಬೇಡ. ಒಂದೇ ಪುಸ್ತಕ ಸಾಕು. ನಿಮ್ಮ ಕಥೆ ಎಲ್ಲಿ ಸಿಕ್ಕಿಬಿದ್ದಿದೆಯೋ ಅಂಥದ್ದೇ ಜಾಗವನ್ನು ಇನ್ನೊಬ್ಬರು ಹೇಗೆ ದಾಟಿದ್ದಾರೆ ಅಂತ ನೋಡಲು ಮಾತ್ರ ಓದಬೇಕು.

ಹೆಂಗಸರ ಮಾತು ಕಿವಿಗೆ ಬೀಳುತ್ತಿಲ್ಲವಾ? ವೈದೇಹಿಯವರನ್ನು ಓದಿ. ಕುಂದಾಪುರದ ಕನ್ನಡ ಅಡುಗೆಮನೆಯಿಂದ ಜಗಲಿಗೆ ಬರುವುದರೊಳಗೆ ಹೇಗೆ ಬಣ್ಣ ಬದಲಾಯಿಸುತ್ತದೆ ಅಂತ ನೋಡಿ. ಊರು ಸಪ್ಪೆಯಾಗಿದೆಯಾ? ಬೊಳುವಾರು ಮಹಮದ್ ಕುಂಞಿಯವರ ಮುತ್ತುಪ್ಪಾಡಿಗೆ ಹೋಗಿ. ಆ ಊರು ಯಾವ ನಕ್ಷೆಯಲ್ಲೂ ಇಲ್ಲ. ಆದರೆ ನಾಲ್ಕು ಕಥೆ ಓದಿದ ಮೇಲೆ ಅಲ್ಲಿ ಬಸ್ಸಿನಿಂದ ಇಳಿದರೆ ಯಾರ ಮನೆ ಎಲ್ಲಿ ಅಂತ ಹೇಳಬಹುದು. ಅನ್ಯಾಯದ ಬಗ್ಗೆ ಬರೆಯುತ್ತಾ ಕಥೆ ಕರಪತ್ರವಾಗುತ್ತಿದೆಯಾ? ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದಿ. ಎಷ್ಟು ಕಡಿಮೆ ಪುಟ, ಎಷ್ಟು ಕಡಿಮೆ ಜನ.

ಇಷ್ಟವಾದ ಒಂದು ಪುಟವನ್ನು ಕೈಯಿಂದ ನೋಟ್‌ಬುಕ್ಕಿಗೆ ನಕಲು ಮಾಡಿ. ಬಾಲಿಶ ಅನ್ನಿಸಬಹುದು. ನಾನೂ ನಕ್ಕಿದ್ದೆ. ಆದರೆ ಕಣ್ಣು ಹಾರಿಸುವುದನ್ನು ಕೈ ಹಾರಿಸುವುದಿಲ್ಲ. ಎಲ್ಲಿ ವಾಕ್ಯ ಚಿಕ್ಕದಾಯಿತು, ಯಾರ ಮಾತಿಗೆ ಉತ್ತರವನ್ನೇ ಕೊಡಲಿಲ್ಲ ಎನ್ನುವುದೆಲ್ಲ ಬೆರಳಿಗೆ ಗೊತ್ತಾಗುತ್ತದೆ. ನಕಲು ಮಾಡಿದ ಪುಟವನ್ನು ಆಮೇಲೆ ಮುಚ್ಚಿಡಿ. ಅದನ್ನು ಎದುರಿಗಿಟ್ಟುಕೊಂಡು ಬರೆದರೆ ಅವರದ್ದೇ ಧ್ವನಿ ಬರುತ್ತದೆ, ಓದುಗರಿಗೆ ಮೊದಲ ಪ್ಯಾರಾದಲ್ಲೇ ಗೊತ್ತಾಗುತ್ತದೆ.

ಹೆಜ್ಜೆ 5: ಮಾತು ಯಾವ ಭಾಷೆಯಲ್ಲಿ?

ಇದು ನಮ್ಮ ದೊಡ್ಡ ಗಂಟು. ಮನೆಯಲ್ಲಿ ತುಳು. ಪಕ್ಕದ ಮನೆಯಲ್ಲಿ ಕೊಂಕಣಿ. ಅಂಗಡಿಯಲ್ಲಿ ಬ್ಯಾರಿ. ಶಾಲೆಯಲ್ಲಿ ಮಾತ್ರ ಕನ್ನಡ. ಹಾಗಾಗಿ ನಮ್ಮ ಬಾಯಿಯ ಕನ್ನಡ ಪುಸ್ತಕದ ಕನ್ನಡ. ಬೆಂಗಳೂರಿನಲ್ಲಿ ಬಾಯಿ ತೆರೆದರೆ ‘ನೀವು ಮಂಗಳೂರಾ?’ ಅಂತ ಕೇಳುತ್ತಾರೆ. ಕಥೆಯಲ್ಲಿ ವಿವರಣೆ ಬರೆಯುವಾಗ ಈ ಕನ್ನಡ ಚೆನ್ನಾಗಿ ಕೆಲಸ ಮಾಡುತ್ತದೆ. ಪಾತ್ರ ಬಾಯಿ ತೆರೆದ ಕೂಡಲೇ ಕೆಡುತ್ತದೆ.

ಇದು ಹೊಸ ಕಷ್ಟವೇನಲ್ಲ. ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ, ಮಂಜೇಶ್ವರದ ಗೋವಿಂದ ಪೈಗಳದ್ದೂ ಕೊಂಕಣಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನ್ನಿಸಿಕೊಂಡ ‘ಇಂದಿರಾಬಾಯಿ’ಯನ್ನು ಗುಲ್ವಾಡಿ ವೆಂಕಟರಾಯರು 1899ರಲ್ಲಿ ತಂದದ್ದು ಇದೇ ಮಂಗಳೂರಿನಿಂದ. ಮನೆಯ ಭಾಷೆ ಒಂದು, ಬರೆಯುವ ಭಾಷೆ ಇನ್ನೊಂದು ಅಂತ ಅಳುತ್ತಾ ಕೂರಲು ನಮಗೆ ಹಕ್ಕಿಲ್ಲ ಬಿಡಿ.

ಗಿರಿಜಾ ಅಂಗಡಿಯಿಂದ ಎಲೆ ತಂದದ್ದು ಅತ್ತೆಗೆ ಗೊತ್ತಾಗುತ್ತದೆ. ಅವಳ ಉತ್ತರವನ್ನು ಮೊದಲು ಹೀಗೆ ಬರೆದಿದ್ದೆ:

“ನಾನೇನು ಮಾಡಲಿ? ಎಲೆಗಳು ಸಾಕಾಗಲಿಲ್ಲ. ಆದ್ದರಿಂದ ಅಂಗಡಿಯಿಂದ ಕೊಂಡು ತಂದೆನು.”

ಏಳನೇ ತರಗತಿಯ ಪ್ರಶ್ನೋತ್ತರದ ಹಾಗಿದೆ. ಹಾಗಾದರೆ ಆಡುಮಾತು ಮಾಡೋಣ ಅಂತ ಧಾರಾವಾಹಿಗಳ ಕನ್ನಡ ಹಿಡಿದೆ:

“ಏನ್ ಮಾಡ್ಲಿ ಹೇಳಿ? ಎಲೆ ಸಾಲ್ತಾ ಇರ್ಲಿಲ್ಲ, ಅದಕ್ಕೇ ಅಂಗಡೀಲಿ ತಗೊಂಡ್ ಬಂದೆ.”

ಈಗ ಗಿರಿಜಾ ಬಂಟ್ವಾಳದಿಂದ ನೇರ ಬಸವನಗುಡಿಗೆ ಹೋಗಿ ಕೂತಳು. ಮೂರನೇ ದಾರಿ ಪೂರ್ತಿ ತುಳುವಿನಲ್ಲೇ ಬರೆಯುವುದು. ಆಗ ಧಾರವಾಡದ ಓದುಗ ಪುಟ ತಿರುಗಿಸುತ್ತಾನೆ. ಅಡಿಟಿಪ್ಪಣಿ ಹಾಕಿದರೆ ಜಗಳದ ಬಿಸಿ ಆರುತ್ತದೆ.

ಕೊನೆಗೆ ಉಳಿದದ್ದು:

“ಎಂತ ಮಾಡುವುದು? ಎಲೆ ಸಾಕಾಗುವುದಿಲ್ಲ. ಅಂಗಡಿಯಿಂದ ತಂದದ್ದು.”

ನೋಡಿ, ಇಲ್ಲಿ ಒಂದೂ ತುಳು ಪದ ಇಲ್ಲ. ಆದರೆ ತುಳುವಿನ ನಡಿಗೆ ಇದೆ. ‘ನಾನು’ ಬಿದ್ದುಹೋಯಿತು. ‘ತಂದೆನು’ ಹೋಗಿ ‘ತಂದದ್ದು’ ಬಂತು. ತಂದವಳು ತಾನೇ ಎನ್ನುವುದು ವಾಕ್ಯದಲ್ಲಿ ಕಾಣುವುದಿಲ್ಲ, ಅಡಗಿಕೊಂಡಿದೆ. ಅಡಗಿಸುವುದೇ ಗಿರಿಜಾಳಿಗೆ ಬೇಕಾಗಿದ್ದದ್ದು ಅಲ್ವಾ? ವ್ಯಾಕರಣವೇ ಪಾತ್ರದ ಕೆಲಸ ಮಾಡಿತು.

ಅಭ್ಯಾಸ ಮಾಡುವುದು ಹೀಗೆ. ಮಾತನ್ನು ಮೊದಲು ಮನೆಮಾತಿನಲ್ಲೇ ಜೋರಾಗಿ ಹೇಳಿ. ತುಳುವಾದರೆ ತುಳು, ಕೊಂಕಣಿಯಾದರೆ ಕೊಂಕಣಿ. ಆಮೇಲೆ ಪದಗಳನ್ನು ಕನ್ನಡಕ್ಕೆ ತನ್ನಿ, ವಾಕ್ಯದ ಕ್ರಮವನ್ನು ಮಾತ್ರ ಮುಟ್ಟಬೇಡಿ. ಎಂತ, ಉಂಟು, ಮಾರಾಯ್ತಿ, ಹೋಗುವ, ಹೇಳಿ ಆಯ್ತು ಇವೆಲ್ಲ ನಮ್ಮ ಹಕ್ಕಿನ ಕನ್ನಡ. ಆದರೆ ‘ಮಾರಾಯ್ರೆ’ಯನ್ನು ಪ್ರತಿ ಸಾಲಿಗೂ ಒಗ್ಗರಣೆ ಹಾಕಬೇಡಿ, ಪಾತ್ರ ಮಿಮಿಕ್ರಿಯವನ ಹಾಗೆ ಕಾಣುತ್ತದೆ.

ತುಳು ಪದವನ್ನೇ ಇಡುವುದಾದರೆ ಇಡೀ ಕಥೆಗೆ ನಾಲ್ಕೈದು ಸಾಕು, ಅದೂ ಬಿಸಿಯಾದ ಜಾಗದಲ್ಲಿ. ವಿವರಣೆ ಕೊಡಬೇಡಿ. ಅತ್ತೆ ಕೊನೆಗೆ ‘ದಾನೆ?’ ಅಂತ ಒಂದೇ ಪದ ಕೇಳುತ್ತಾಳೆ. ‘ಏನು’ ಅಂತ ಅರ್ಥ. ಕಥೆಯಲ್ಲಿ ನಾನು ಅದನ್ನು ಹೇಳಿಲ್ಲ, ಹೇಳದೆಯೂ ಯಾರಿಗಾದರೂ ಅರ್ಥ ಆಗುತ್ತದೆ. ಪದದ ಬಗ್ಗೆ ಅನುಮಾನ ಬಂದರೆ ಉಡುಪಿಯಿಂದ ಬಂದ ಆರು ಸಂಪುಟಗಳ ತುಳು ನಿಘಂಟು ಇದೆ. ಹಳೆಯ ಕನ್ನಡ ಪದಗಳಿಗೆ 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾದ ಕಿಟೆಲ್ ಕೋಶ ಇದೆ. ಎಚ್ಚರಿಕೆ: ಒಂದು ಪದ ಹುಡುಕಲು ಹೋಗಿ ಒಂದು ಸಂಜೆ ಕಳೆಯುವುದು ಖಂಡಿತ.

ಯಾರು ಯಾರನ್ನು ಹೇಗೆ ಕರೆಯುತ್ತಾರೆ ಅಂತ ಒಂದು ಸಲ ಪ್ರತ್ಯೇಕ ನೋಡಿ. ಬ್ರಾಂಚಿನವನು ಗಿರಿಜಾಳನ್ನು ‘ಏ’ ಅಂತ ಕರೆಯುವ ಹಾಗೆ ಮೊದಲು ಬರೆದಿದ್ದೆ. ದೊಡ್ಡಮ್ಮ ‘ಹಾಗೆ ಯಾರೂ ಕರೆಯುವುದಿಲ್ಲ, ಅಕ್ಕ ಅಂತಲೇ ಕರೆಯುವುದು’ ಅಂದರು. ‘ಗಿರಿಜಕ್ಕ’ ಅಂತ ಮರ್ಯಾದೆಯಿಂದ ಕರೆದು, ಅವಳ ಬೀಡಿಯನ್ನು ಬದಿಗೆ ತಳ್ಳುತ್ತಾನೆ. ಎಷ್ಟೋ ಜಾಸ್ತಿ ನೋಯುತ್ತದೆ.

ಹೆಜ್ಜೆ 6: ಕೆಟ್ಟವನಿಂದ ಅರ್ಥ ಹೇಳಿಸಿ

ನನ್ನ ಬ್ರಾಂಚಿನವನು ಅಲ್ಲಿಯವರೆಗೆ ರಟ್ಟಿನ ರಾಕ್ಷಸ. ಅವನನ್ನು ಸರಿಮಾಡಿದ್ದು ಒಂದು ತಾಳಮದ್ದಳೆ.

ಯಕ್ಷಗಾನ ಮೇಳಗಳ ತಿರುಗಾಟ ಮುಗಿದು ಮಳೆ ಹಿಡಿದ ಮೇಲೆ ನಮ್ಮಲ್ಲಿ ತಾಳಮದ್ದಳೆಯ ಕಾಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಕೂತಲ್ಲಿಂದಲೇ ತನ್ನ ಪಾತ್ರದ ಮಾತನ್ನು ಕಟ್ಟುತ್ತಾನೆ. ಬಾಯಿಪಾಠವಲ್ಲ, ಆ ಹೊತ್ತಿಗೆ ಹುಟ್ಟಿದ ಮಾತು. ಅದಕ್ಕೇ ‘ಅರ್ಥ’ ಅನ್ನುವುದು. ವಾಲಿ ಸಾಯುತ್ತಾನೆ ಅಂತ ಸಭೆಯ ಮಗುವಿಗೂ ಗೊತ್ತು. ಆದರೂ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಅಂತ ವಾಲಿ ಕೇಳತೊಡಗಿದಾಗ ರಾಮ ಏನು ಹೇಳಿಯಾನು ಅಂತ ಜನ ಕಾಯುತ್ತಾರೆ. ವಾಲಿಯ ಅರ್ಥ ಹೇಳುವವನು ವಾಲಿಯ ಪರವಾಗಿಯೇ ಹೇಳಬೇಕು. ‘ನಾನು ಕೆಟ್ಟವನು’ ಎಂದುಕೊಂಡು ಯಾರೂ ಆ ಪೀಠದಲ್ಲಿ ಕೂರುವುದಿಲ್ಲ.

ಮನೆಗೆ ಬಂದು ನೋಟ್‌ಬುಕ್ ತೆರೆದೆ. ಬ್ರಾಂಚಿನವನಿಗೆ ಒಂದು ಪುಟ ಅರ್ಥ ಬರೆದೆ, ‘ನಾನು’ ಎಂದೇ ಶುರುಮಾಡಿ. ತಾನು ಪಾಸ್ ಮಾಡಿದ ಬೀಡಿಗೆ ಮೇಲಿನವರು ತನ್ನನ್ನು ಹಿಡಿಯುತ್ತಾರೆ ಅಂದ. ಗಿರಿಜಕ್ಕನ ಬೀಡಿ ಒಂದು ಕಾಲದಲ್ಲಿ ಊರಿಗೇ ಚೆಂದ ಇತ್ತು, ಈಗ ಕಣ್ಣು ಮಂಜಾಗಿದೆ, ಅದನ್ನು ಅವಳಿಗೆ ಹೇಳುವುದು ಹೇಗೆ ಅಂದ. ಕಣ್ಣಿನ ವಿಷಯ ನನಗೇ ಗೊತ್ತಿರಲಿಲ್ಲ! ಆ ಪುಟದಿಂದ ಕಥೆಗೆ ಹೋದದ್ದು ಎರಡೇ ಸಾಲು. ಉಳಿದದ್ದು ನೋಟ್‌ಬುಕ್ಕಿನಲ್ಲೇ ಇರಬೇಕು. ಪೂರ್ತಿ ಅರ್ಥವನ್ನು ಕಥೆಗೆ ಸುರಿದರೆ ಅದು ಮತ್ತೆ ತಾಳಮದ್ದಳೆಯೇ ಆಗುತ್ತದೆ.

ಹೆಜ್ಜೆ 7: ಕೊನೆ

ಇದಕ್ಕೆ ಜಾಸ್ತಿ ಹೇಳಲಿಕ್ಕಿಲ್ಲ. ಕೊನೆ ಬರೆದಾದ ಮೇಲೆ ಕೊನೆಯ ಪ್ಯಾರಾ ತೆಗೆದು ಓದಿ. ಹತ್ತರಲ್ಲಿ ಎಂಟು ಸಲ ಅದು ಬೇಡವೇ ಇರುತ್ತದೆ. ಯಾರಾದರೂ ಏನಾದರೂ ಮಾಡುತ್ತಿರುವಾಗ ನಿಲ್ಲಿಸಿ, ಯೋಚಿಸುತ್ತಿರುವಾಗ ಬೇಡ. ಗಿರಿಜಾ ಕೊನೆಗೆ ದೀಪದ ಹತ್ತಿರಕ್ಕೆ ತಡ್ಪೆ ಎಳೆದುಕೊಳ್ಳುತ್ತಾಳೆ. ಅಷ್ಟೇ.

ಹೆಜ್ಜೆ 8: ಒಬ್ಬ ಮನೋರಮೆಯನ್ನು ಹುಡುಕಿಕೊಳ್ಳಿ

ನಂದಳಿಕೆಯ ಮುದ್ದಣ ‘ಶ್ರೀರಾಮಾಶ್ವಮೇಧ’ದಲ್ಲಿ ಒಂದು ಜಾಣ ಕೆಲಸ ಮಾಡಿದ್ದಾನೆ. ಕಥೆ ಕೇಳಲು ಹೆಂಡತಿ ಮನೋರಮೆಯನ್ನೇ ಕೂರಿಸಿದ್ದಾನೆ. ಅವಳು ಪದ್ಯ ಬೇಡ, ಗದ್ಯದಲ್ಲಿ ಹೇಳು ಅನ್ನುತ್ತಾಳೆ. ನಡುವೆ ತಡೆಯುತ್ತಾಳೆ, ಕೆಣಕುತ್ತಾಳೆ. ಓದುವ ನಮಗೆ ರಾಮನ ಕಥೆಗಿಂತ ಈ ಇಬ್ಬರ ಮಾತೇ ನೆನಪಿರುತ್ತದೆ.

ನಿಮಗೂ ಅಂಥ ಒಬ್ಬರು ಬೇಕು. ‘ತುಂಬಾ ಚೆನ್ನಾಗಿದೆ’ ಎನ್ನುವ ಗೆಳೆಯ ಬೇಡ, ‘ಇದರ ಸಂದೇಶವೇನು’ ಎನ್ನುವ ವಿಮರ್ಶಕನೂ ಬೇಡ. ಕಳುಹಿಸಬೇಡಿ, ಎದುರಿಗೆ ಕೂತು ಓದಿ ಹೇಳಿ. ಅವರ ಮಾತಿಗಿಂತ ಮುಖ ನೋಡಿ. ಎಲ್ಲಿ ಫೋನಿನ ಕಡೆ ಕಣ್ಣು ಹೋಯಿತೋ ಅಲ್ಲಿ ಅಂಚಿನಲ್ಲಿ ಒಂದು ಚುಕ್ಕೆ ಇಡಿ. ಓದಿ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: ‘ಎಲ್ಲಿ ಗೊತ್ತಾಗಲಿಲ್ಲ?’ ಹೇಗೆ ಸರಿಮಾಡಬೇಕು ಅಂತ ಅವರು ಹೇಳತೊಡಗಿದರೆ ನಯವಾಗಿ ಚಹಾ ತರಿಸಿ. ಎಲ್ಲಿ ಕೆಟ್ಟಿದೆ ಎನ್ನುವುದು ಕೇಳುಗರಿಗೆ ಸರಿಯಾಗಿ ಗೊತ್ತಾಗುತ್ತದೆ. ಹೇಗೆ ರಿಪೇರಿ ಎನ್ನುವುದು ಅವರಿಗೂ ಗೊತ್ತಿರುವುದಿಲ್ಲ.

ಹೆಜ್ಜೆ 9: ಕಳುಹಿಸುವುದು

ತರಂಗ, ತುಷಾರ, ಮಯೂರ, ಸುಧಾ, ಪತ್ರಿಕೆಗಳ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗಳು ಹೀಗೆ ದಾರಿಗಳಿವೆ. ಪದಮಿತಿ ಒಂದೊಂದು ಕಡೆ ಒಂದೊಂದು ಥರ. ಇತ್ತೀಚಿನ ಸಂಚಿಕೆ ಕೈಗೆ ತೆಗೆದುಕೊಂಡು ನಿಯಮ ಓದಿ, ಅದರಲ್ಲಿ ಬಂದ ಕಥೆಯನ್ನೂ ಓದಿ. ಒಂದೇ ಕಥೆಯನ್ನು ಒಟ್ಟಿಗೆ ಎರಡು ಕಡೆ ಕಳುಹಿಸಬೇಡಿ.

ಯುನಿಕೋಡಿನಲ್ಲಿ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಬರೆದ ಫೈಲು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣಬಹುದು. ಪರಿವರ್ತಿಸಿದ್ದಾದರೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಂದು ಸಲ ಕಣ್ಣಿಟ್ಟು ನೋಡಿ. ಜೊತೆಗೆ ಪಿ.ಡಿ.ಎಫ್. ಪ್ರತಿಯೂ ಇರಲಿ. ಪತ್ರದಲ್ಲಿ ಕಥೆಯ ಸಾರಾಂಶ ಬರೆಯಬೇಡಿ. ಹೆಸರು, ವಿಳಾಸ, ಸ್ವಂತ ಮತ್ತು ಅಪ್ರಕಟಿತ ಕಥೆ ಎಂಬ ಒಂದು ಸಾಲು ಸಾಕು.

ನನ್ನ ಬೀಡಿ ಕಥೆಯನ್ನು ಮೊದಲು ಕಳುಹಿಸಿದ ಕಡೆಯಿಂದ ಆರು ತಿಂಗಳು ಉತ್ತರವೇ ಬರಲಿಲ್ಲ. ವಾಪಸ್ ತೆಗೆದುಕೊಳ್ಳುತ್ತೇನೆ ಅಂತ ಒಂದು ಸಾಲು ಬರೆದು ಇನ್ನೊಂದು ಕಡೆ ಕಳುಹಿಸಿದ್ದೇನೆ. ಆ ನಡುವೆ ದೊಡ್ಡಮ್ಮನಿಗೆ ಓದಿ ಹೇಳಿದೆ, ತುಳುವಿಗೆ ತಿರುಗಿಸುತ್ತಾ. ಪೂರ್ತಿ ಕೇಳಿದರು. ‘ಅರ್ಧ ಕಿಲೋ ಎಲೆ ಒಂದು ವಾರಕ್ಕೆ ಎಲ್ಲಿಗೂ ಸಾಲುವುದಿಲ್ಲ’ ಅಂದರು. ತಿದ್ದಿದ ಪ್ರತಿ ಈಗ ‘ಕಥೆ ಫೈನಲ್ 2’ ಎಂಬ ಹೆಸರಿನಲ್ಲಿದೆ.